ಹಗೇವಿನ ಮೇಲಿನ ಗಾಜು

ನಮ್ಮ ಮನೆಯಲ್ಲಿ ಉಣ್ಣಬೇಕೆಂದರೆ ಈಗ ಮೂರು ದಿನ ಮುಂಚೆ ಫೋನು ಮಾಡಿ ಜಾಗ ಹಿಡಿಯಬೇಕು. ನಾನು ಸೊಸೆಯಾಗಿ ಬಂದಾಗ ದಾರಿಹೋಕರನ್ನೂ ಕರೆದು ಕೂರಿಸಿ ಮುದ್ದೆ ಇಕ್ಕುತ್ತಿದ್ದ ಮನೆ ಇದು. ಹೊಸಕೋಟೆಯಿಂದ ಜಡಿಗೇನಹಳ್ಳಿ ಕಡೆಗೆ ಬರುವ ದಾರಿಯಲ್ಲಿ, ಊರೊಳಕ್ಕೆ ತಿರುಗುವ ಕಡೆ, ಒಂದು ಚೆಂದದ ಹಲಗೆ ನೆಟ್ಟಿದ್ದಾರೆ. ಬೆಳಗಿನ ಜಾವ ಎದ್ದು ಬಿರಿಯಾನಿಗೆ ಸಾಲು ನಿಲ್ಲುವವರು ಹೊಸಕೋಟೆಯಲ್ಲೇ ನಿಂತುಬಿಡುತ್ತಾರೆ. ಮುದ್ದೆ ಉಪ್ಪುಸಾರಿನಲ್ಲಿ ಸಂಸ್ಕೃತಿ ಇದೆ ಎಂದು ಯಾರಿಗೆ ಅನ್ನಿಸುತ್ತದೋ ಅವರು ಹಲಗೆ ನೋಡಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಹೆಚ್ಚಿನವರು ವೈಟ್‌ಫೀಲ್ಡ್ ಕಡೆಯವರು. ಕಾರಿನಿಂದ ಇಳಿದವರೇ ಮೊದಲು ನಮ್ಮ ಬಾಗಿಲಿನ ಫೋಟೋ ತೆಗೆಯುತ್ತಾರೆ. ಆಮೇಲೆ ಬಾಗಿಲಲ್ಲಿ ನಿಂತ ನನ್ನ ಫೋಟೋ ತೆಗೆಯುತ್ತಾರೆ.

ನೂರು ವರ್ಷ ದಾಟಿದ ತೊಟ್ಟಿ ಮನೆ. ಈಗ ಇಲ್ಲಿ ಹೋಟೆಲು ನಡೆಸುವ ಕಂಪನಿಯವರು ಹಾಳು ಮಾಡಿಲ್ಲ, ಆ ಮಾತು ಒಪ್ಪಬೇಕು. ಕಲ್ಲು ಕಂಬಗಳ ಸುಣ್ಣ ಕೆರೆಸಿ ಎಣ್ಣೆ ಹಚ್ಚಿಸಿದ್ದಾರೆ, ಹೆಂಚು ತಿರುವಿ ಹಾಕಿಸಿದ್ದಾರೆ. ತೊಟ್ಟಿಯ ಸುತ್ತ ಊಟ. ಪಡಸಾಲೆಯಲ್ಲಿ ಒಂದು ವಾರ ವೀಣೆ, ಒಂದು ವಾರ ನಾಟಕ. ಅಟ್ಟದ ಮೇಲೆ ಮಕ್ಕಳಿಗೆ ಮಡಕೆ ಮಾಡುವುದನ್ನು ಕಲಿಸುತ್ತಾರೆ. ದನದ ಕೊಟ್ಟಿಗೆಯಲ್ಲಿ ಕೈಮಗ್ಗದ ಸೀರೆ, ಸೀಗೆಪುಡಿ, ಮೇಕೆ ಹಾಲಿನ ಸೋಪು ಮಾರುತ್ತಾರೆ. ನನ್ನ ಬಾಣಂತನವಾದ ಕತ್ತಲೆ ಕೋಣೆಗೆ ಏಸಿ ಹಾಕಿದ್ದಾರೆ. ಅದರಲ್ಲಿ ಎಂಟು ಜನ ಕೂತು ಹುಟ್ಟುಹಬ್ಬ ಮಾಡಿಕೊಳ್ಳಬಹುದು. ಹೆರಿಗೆ ಕೋಣೆಯಲ್ಲಿ ಹುಟ್ಟುಹಬ್ಬ ಮಾಡಿದರೆ ತಪ್ಪೇನು ಎಂದು ನಾನೂ ಸುಮ್ಮನಾದೆ.

ನಾನು ಇಲ್ಲಿ ಏನು ಎಂದು ಕೇಳಿದರೆ, ಒರಳು ಕಲ್ಲು, ಉಯ್ಯಾಲೆ, ನಾನು ಎಂದು ಒಂದೇ ಸಾಲಿನಲ್ಲಿ ಹೇಳಬೇಕು. ನನ್ನ ಗಂಡ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ಭಾಗದ ಜಗಳದಲ್ಲಿ ಮನೆ ಯಾರಿಗೂ ಸೇರದೆ ಗೋಡೆ ಕುಸಿಯುತ್ತಿತ್ತು. ಆಗ ಬೆಂಗಳೂರಿನ ಈ ಕಂಪನಿ ಹತ್ತು ವರ್ಷದ ಗುತ್ತಿಗೆಗೆ ಕೇಳಿಕೊಂಡು ಬಂತು. ಮನೆಯ ಕಥೆ ಹೇಳಲಿಕ್ಕೆ ಮನೆಯವರೊಬ್ಬರು ಇಲ್ಲೇ ಇರಬೇಕು ಎನ್ನುವುದು ಅವರ ಕರಾರು. ಗಂಡನ ಅಣ್ಣ, ಭಾವನವರು, ನನ್ನ ಕಡೆ ಕೈ ತೋರಿಸಿ, ನಮ್ಮ ಎರಡನೆಯವಳಿಗೆ ಬಾಯಿ ಜೋರು, ಅವಳೇ ಸರಿ ಎಂದರು. ಜನ್ಮದಲ್ಲಿ ಅವರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು ಅದೊಂದೇ, ಅದೂ ಕರಾರಿಗೆ ಹೋಯಿತು. ಹಿತ್ತಿಲಲ್ಲಿ ನನಗೊಂದು ರೂಮು ಕಟ್ಟಿಸಿಕೊಟ್ಟರು. ಶನಿವಾರ ಭಾನುವಾರ ಹತ್ತಿ ಸೀರೆ ಉಟ್ಟು, ಕಾಸಿನಗಲ ಕುಂಕುಮ ಇಟ್ಟು, ಬಾಗಿಲಲ್ಲಿ ನಿಲ್ಲಬೇಕು. ಗಂಡ ಸತ್ತಾಗ ಊರಿನ ಹೆಂಗಸರು ಅಳಿಸಿದ ಕುಂಕುಮವನ್ನು ಕಂಪನಿ ಮತ್ತೆ ಇಡಿಸಿತು.

ಇಲ್ಲಿಯ ಉಸ್ತುವಾರಿಯೆಲ್ಲ ಒಬ್ಬಳು ಹುಡುಗಿಯದು. ಮೂವತ್ತು ದಾಟಿರಬಹುದು. ಎಲ್ಲರೂ ಅವಳನ್ನು ಮ್ಯಾನೇಜರ್ ಎನ್ನುತ್ತಾರೆ, ಅವಳು ನನ್ನನ್ನು ಆಂಟಿ ಎನ್ನುತ್ತಾಳೆ. ಒಳ್ಳೆಯ ಮಗು. ನನ್ನ ಮಂಡಿ ನೋವಿಗೆ ಎಣ್ಣೆ ತಂದುಕೊಡುತ್ತಾಳೆ. ಮನೆಯನ್ನು ರಿಪೇರಿ ಮಾಡಿಸುವಾಗ ಪಡಸಾಲೆಯ ಮುಂದಿನ ಅಂಗಳದಲ್ಲಿ ಒಂದು ಚಪ್ಪಡಿ ಸಿಕ್ಕಿತೆಂದು ಓಡಿಬಂದಳು. ಚಪ್ಪಡಿ ಎಬ್ಬಿಸಿದರೆ ಕೆಳಗೆ ದೊಡ್ಡ ಗುಂಡಿ. ಅದು ಹಗೇವು, ರಾಗಿ ತುಂಬಿಡುತ್ತಿದ್ದ ನೆಲಮಾಳಿಗೆ ಎಂದು ಹೇಳಿದೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಹತ್ತು ಜನ ನಿಲ್ಲುವಷ್ಟು. ಸುತ್ತ ಹುಲ್ಲು ಒತ್ತಿ ರಾಗಿ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯುತ್ತಿರಲಿಲ್ಲ. ಅವಳು ಕಣ್ಣರಳಿಸಿ, ಇದಕ್ಕೆ ಏನಾದರೂ ಕಥೆ ಇದೆಯಾ ಆಂಟಿ ಎಂದು ಕೇಳಿದಳು.

ಇತ್ತು. ಆ ಹಗೇವಿಗೆ ಇರುವುದು ಒಂದೇ ಕಥೆ. ಅದನ್ನು ಹೇಳಬಾರದೆಂದು ನನ್ನ ಬಾಯಿ ಇನ್ನೊಂದನ್ನು ಹೇಳಿಬಿಟ್ಟಿತು. ಹಿಂದೆ ಕುದುರೆ ಸವಾರರು ಊರು ಲೂಟಿ ಮಾಡಲು ಬಂದಾಗ ಮನೆಯ ಹೆಂಗಸರೆಲ್ಲ ಈ ಹಗೇವಿಗೆ ಇಳಿದು ಮೂರು ದಿನ ಹಸಿ ರಾಗಿ ಜಗಿದು ಬದುಕಿದರು ಎಂದೆ. ನಿಜದ ತಲೆಯ ಮೇಲೆ ಹೊಡೆದಂಥ ಸುಳ್ಳು. ಆ ಹುಡುಗಿ ಅಲ್ಲೇ ಬರೆದುಕೊಂಡಳು. ತಿಂಗಳೊಳಗೆ ಹಗೇವಿನ ಬಾಯಿಗೆ ದಪ್ಪ ಗಾಜು ಕೂತಿತು, ಒಳಗೆ ದೀಪ ಹಾಕಿಸಿದರು. ಊಟದ ಪಟ್ಟಿಯ ಹಿಂದೆ ಕುದುರೆ, ಸೆರಗು ಹೊದ್ದ ಹೆಂಗಸರ ಚಿತ್ರ ಬಂತು. ರಾಗಿ ಅಂಬಲಿಗೆ ಪುದೀನ ಹಾಕಿ ಹಗೇವು ಕೂಲರ್ ಎಂದು ಹೆಸರಿಟ್ಟರು. ಅಂದಿನಿಂದ ಎರಡು ವರ್ಷ, ಶನಿವಾರ ಭಾನುವಾರ ಊಟಕ್ಕೆ ಮುಂಚೆ, ಆ ಗಾಜಿನ ಪಕ್ಕ ನಿಂತು ನಾನು ಕುದುರೆ ಸವಾರರನ್ನು ಕರೆಸಿದ್ದೇನೆ. ಜನ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಿದ್ದರು. ಅಂದಿನ ಹೆಂಗಸರು ಎಂಥ ಗಟ್ಟಿಗಿತ್ತಿಯರು ಎಂದು ಹೊಗಳುತ್ತಿದ್ದರು.

ಅದನ್ನು ಕೇಳುತ್ತಿದ್ದವರಲ್ಲಿ ಒಬ್ಬಳಿಗೆ ಅದು ಸುಳ್ಳೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಅಡಿಗೆಮನೆಯಲ್ಲಿದ್ದಳು.

ಕಂಪನಿಯವರು ಅಡಿಗೆಗೆ ಊರಿನವರನ್ನೇ ಇಟ್ಟುಕೊಂಡರು. ಮುದ್ದೆ ತಿರುವುವುದರಲ್ಲಿ ಎಲ್ಲರಿಗಿಂತ ಕೈಗಟ್ಟಿಯವಳು ಒಬ್ಬಳು ಸಿಕ್ಕಿದಳು, ಆರು ತಿಂಗಳಲ್ಲಿ ಅಡಿಗೆಮನೆಗೆಲ್ಲ ಅವಳೇ ಯಜಮಾನಿಯಾದಳು. ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಅವಳ ಅಪ್ಪ ನಮ್ಮ ಹೊಲದಲ್ಲಿ ಗೇಯುತ್ತಿದ್ದವನು. ಅವಳ ಅವ್ವ ನಮ್ಮ ಹಿತ್ತಿಲ ಬಾಗಿಲಲ್ಲಿ ಸೆರಗೊಡ್ಡಿ ನಿಲ್ಲುತ್ತಿದ್ದವಳು, ಹೊಸಲು ದಾಟುವ ಹಾಗಿರಲಿಲ್ಲ. ಅದೇ ಹೊಸಲಿನೊಳಗೆ ಮಗಳು ಈಗ ನಿಂತು, ನನಗೆ, ಅಮ್ಮಾ ಸ್ವಲ್ಪ ಪಕ್ಕಕ್ಕೆ ಸರೀರಿ, ಒಲೆ ಕಾವು ತಾಕ್ತದೆ ಎನ್ನುತ್ತಾಳೆ. ಅತ್ತೆ ಇದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಆದರೆ ಆ ಖುಷಿ ಪಡುವ ಹಕ್ಕು ನನಗೆ ಇರಲಿಲ್ಲ.

ಅವಳ ಅಪ್ಪ ಸತ್ತದ್ದು ಆ ಹಗೇವಿನಲ್ಲಿ. ಅದು ಇಡೀ ಊರಿಗೆ ಗೊತ್ತು. ಕುಡಿದು ಇಳಿದ, ಸತ್ತ ಎಂದು ಊರು ಹೇಳುತ್ತದೆ. ಅವಳೂ ಹಾಗೆಯೇ ತಿಳಿದು ಬೆಳೆದಳು. ನಾನು ವಾರವಾರ ಕುದುರೆ ಓಡಿಸುವುದನ್ನು ಕಿಟಕಿಯಿಂದ ಕೇಳಿಸಿಕೊಂಡು ಸಾರು ಬಡಿಸುತ್ತಿದ್ದಳು. ಒಂದೇ ಒಂದು ಸಲ, ಪಾತ್ರೆ ಎತ್ತಿಡುತ್ತಾ, "ಕಥೆ ಚೆನ್ನಾಗ್ ಹೇಳ್ತೀರಮ್ಮ" ಎಂದಳು. ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ.

ನನ್ನ ಮಗಳು ಹೊಸಕೋಟೆಯಲ್ಲೇ ಇದ್ದಾಳೆ, ಶಾಲೆಯಲ್ಲಿ ಟೀಚರು. ಅಮ್ಮ, ಆ ನಾಟಕ ಸಾಕು, ಬಂದುಬಿಡು, ಮನೆಯಲ್ಲಿ ರೂಮು ಖಾಲಿ ಇದೆ ಎಂದು ವಾರಕ್ಕೊಮ್ಮೆ ಕರೆಯುತ್ತಿದ್ದಳು. ಕರಾರಿನ ನೆಪ ಹೇಳುತ್ತಿದ್ದೆ. ಕರಾರು ನನ್ನನ್ನು ಕಟ್ಟಿಹಾಕಿತ್ತು ನಿಜ, ಭಾವನವರು ತಿಂಗಳಿಗೊಮ್ಮೆ ಅದನ್ನು ನೆನಪಿಸುತ್ತಿದ್ದದ್ದೂ ನಿಜ. ಆದರೆ ಬಿಟ್ಟು ಹೋಗಬೇಕೆಂದರೆ ಯಾರು ಹಿಡಿಯುತ್ತಿದ್ದರು. ಆ ಗುಂಡಿಯ ಪಕ್ಕದಲ್ಲಿ ನಿಂತರೆ ಉಸಿರು ಕಟ್ಟುತ್ತಿತ್ತು, ಬಿಟ್ಟು ದೂರ ಹೋದರೆ ನನ್ನ ಬದಲು ಬೇರೆ ಯಾರಾದರೂ ಬಂದು ನಿಂತು ಆ ಸುಳ್ಳನ್ನು ಇನ್ನೂ ಚೆನ್ನಾಗಿ ಹೇಳುತ್ತಾರೆ ಎನ್ನಿಸುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನಡೆದದ್ದನ್ನು ಈಗ ಹೇಳಿಬಿಡುತ್ತೇನೆ.

ನನ್ನ ಮದುವೆ ವೈಶಾಖದಲ್ಲಿ. ಮನೆ ತುಂಬಿಸಿಕೊಳ್ಳುವ ದಿನ ಕೈಯಲ್ಲಿ ದೀಪ ಹಿಡಿದು ಹೊಸಲು ದಾಟುವಾಗ ಗಾಳಿ ಬೀಸಿ ದೀಪ ಹೋಯಿತು. ನಮ್ಮ ಕಡೆ ದೀಪ ಆರಿತು ಎಂದು ಬಾಯಲ್ಲಿ ಕೂಡ ಅನ್ನುವುದಿಲ್ಲ, ದೊಡ್ಡದಾಯಿತು ಎನ್ನುತ್ತೇವೆ. ಅತ್ತೆಯ ಮುಖ ಸಣ್ಣದಾಯಿತು. ತಿಂಗಳು ಕಳೆಯುವುದರೊಳಗೆ ಕೊಟ್ಟಿಗೆಯಲ್ಲಿ ಎತ್ತು ಸತ್ತಿತು. ಅಲ್ಲಿಂದ ಶುರು. ಹಾಲು ಒಡೆದರೆ ನನ್ನ ದೀಪ, ಬಿತ್ತಿದ್ದು ಮೊಳೆಯದಿದ್ದರೆ ನನ್ನ ದೀಪ. ಇನ್ನೊಂದು ಸಲ ಇವಳ ಕೈಯಲ್ಲಿ ದೀಪ ಹೋಗಲಿ, ತವರಿಗೆ ಗಾಡಿ ಕಟ್ಟಿಸ್ತೀನಿ ಎಂದು ಅತ್ತೆ ನೆರೆಯವರ ಮುಂದೆ ಹೇಳಿದ್ದರು. ನನಗೆ ಆಗ ಹತ್ತೊಂಬತ್ತು. ಆಷಾಢಕ್ಕೆ ತವರಿಗೆ ಹೋದವಳನ್ನು ವಾಪಸು ಕರೆಯುವುದಿಲ್ಲವೇನೋ ಎಂದು ನಮ್ಮಪ್ಪ ಹೆದರಿ ಕೂತಿದ್ದರು. ಕರೆದರು. ಶ್ರಾವಣಕ್ಕೆ ಬಂದೆ.

ಬಂದ ವಾರವೇ ಹಗೇವು ತೆಗೆದರು, ಮನೆಯಲ್ಲಿ ರಾಗಿ ಮುಗಿದಿತ್ತು. ಹಗೇವು ತೆಗೆದರೆ ಒಂದಿಡೀ ದಿನ ಬಾಯಿ ಬಿಟ್ಟಿರಬೇಕು, ಒಳಗಿನ ಕೆಟ್ಟ ಗಾಳಿ ಹೋಗಬೇಕು. ಆಮೇಲೆ ತಕ್ಕಡಿಯ ತಟ್ಟೆಗೆ ಹಗ್ಗ ಕಟ್ಟಿ, ಅದರಲ್ಲಿ ಹಣತೆ ಇಟ್ಟು ಕೆಳಕ್ಕೆ ಬಿಡುತ್ತಾರೆ. ತಳದ ತನಕ ದೀಪ ಉರಿದರೆ ಆಳು ಇಳಿಯಬಹುದು. ಧಾನ್ಯ ಲಕ್ಷ್ಮಿಯಾದ್ದರಿಂದ ದೀಪ ಬಿಡುವುದು ಮನೆಯ ಹೆಣ್ಣಿನ ಕೆಲಸ. ಆ ಸಲ ಹೊಸ ಸೊಸೆ ಬಿಡಲಿ ಎಂದರು. ಚಪ್ಪಡಿ ತೆಗೆದದ್ದು ಬೆಳಿಗ್ಗೆ, ಮಧ್ಯಾಹ್ನಕ್ಕೇ ಮಾವನವರಿಗೆ ಅವಸರ, ಗಾಡಿ ಬಂದು ನಿಂತಿತ್ತು. ಅವರ ಅವಸರ ತಪ್ಪೇ. ಆದರೆ ಅಂಥ ಅವಸರಕ್ಕೆ ಅಡ್ಡ ನಿಲ್ಲಲಿ ಎಂದೇ ಹಿರಿಯರು ದೀಪ ಇಟ್ಟದ್ದು.

ಇಳಿಯಬೇಕಾಗಿದ್ದವನು, ಅಡಿಗೆಯವಳ ಅಪ್ಪ, ಗೋಣಿಚೀಲ ತರಲು ಹಿತ್ತಿಲಿಗೆ ಹೋಗಿದ್ದ. ಅತ್ತೆ ಜಗಲಿಯ ಮೇಲೆ ಕೂತು ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದರು. ನಾನು ಮಂಡಿಯೂರಿ ಹಗ್ಗ ಬಿಟ್ಟೆ. ತಟ್ಟೆ ಹಗೇವಿನ ಕುತ್ತಿಗೆ ದಾಟಿತು, ಹೊಟ್ಟೆಗೆ ಇಳಿಯಿತು. ದೀಪ ಒಂದು ಸಲ ನೀಲಿಯಾಗಿ ಸಣ್ಣದಾಯಿತು, ಆರಿತು. ಗಾಳಿ ಬೀಸಲಿಲ್ಲ. ಯಾರೋ ಬೆರಳಿಂದ ಒತ್ತಿದ ಹಾಗೆ ಆರಿತು.

ಹಗೇವಿನಲ್ಲಿ ವಿಷಗಾಳಿ ಇದೆ ಎಂದು ನನಗೆ ಹೊಳೆಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಅದಕ್ಕಿಂತ ಮೊದಲು ಹೊಳೆದದ್ದು, ನನ್ನ ಕೈಯಲ್ಲಿ ಎರಡನೆಯ ದೀಪ ಹೋಯಿತು ಎನ್ನುವುದು. ಅತ್ತೆ ಮೊರ ಕೆಳಗಿಟ್ಟು ಏಳುವುದು, ತವರಿಗೆ ಗಾಡಿ ಕಟ್ಟುವುದು, ನಮ್ಮಪ್ಪ ಬಾಗಿಲು ತೆರೆಯುವುದು, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಸರಸರ ಹಗ್ಗ ಎಳೆದೆ. ಸೆರಗಿನ ಮರೆಯಲ್ಲಿ ಕಡ್ಡಿ ಗೀರಿ ದೀಪ ಹಚ್ಚಿದೆ. ಈ ಸಲ ಕುತ್ತಿಗೆಯ ತನಕ ಮಾತ್ರ ಬಿಟ್ಟು ನಿಲ್ಲಿಸಿದೆ. ಅಲ್ಲಿ ಅದು ಚೆನ್ನಾಗಿ ಉರಿಯಿತು.

ಅವನು ಚೀಲ ಹೊತ್ತು ಬಂದ. ಶ್ರಾವಣ ಶನಿವಾರ ಅದು, ಹಣೆಗೆ ನಾಮ ಹಾಕಿದ್ದ. ಶ್ರಾವಣ ಶನಿವಾರ ಸಂಜೆಯ ತನಕ ನೀರು ಬಿಟ್ಟು ಏನೂ ಮುಟ್ಟದವನು.

"ದೀಪ ನಿಂತೈತಾ ಅಮ್ಮಣ್ಣಿ?" ಎಂದು ಕೇಳಿದ.

"ನಿಂತೈತೆ" ಎಂದೆ.

"ತಳ ಮುಟ್ತಾ?"

"ಮುಟ್ತು."

ಮನೆಯ ಸೊಸೆ ಹೇಳಿದ ಮೇಲೆ ಮುಗಿಯಿತು, ಅವನು ಬಗ್ಗಿ ಕೂಡ ನೋಡಲಿಲ್ಲ. ಹಗ್ಗ ಹಿಡಿದು ಇಳಿದ. ಮೊದಲನೆಯ ಮಂಕರಿ ರಾಗಿ ಮೇಲೆ ಬಂತು. ಎರಡನೆಯದು ಬರಲಿಲ್ಲ. ಕೂಗಿದರು, ಹಗ್ಗ ಜಗ್ಗಿದರು. ಅವನ ತಮ್ಮ ಇಳಿಯಲು ಹೋದ, ಊರ ಹಿರಿಯರು ಹಿಡಿದುಕೊಂಡರು. ಮೇಲಕ್ಕೆ ತೆಗೆಯುವ ಹೊತ್ತಿಗೆ ಸಂಜೆಯಾಗಿತ್ತು, ಹಣೆಯ ನಾಮದ ಮೇಲೆಲ್ಲ ರಾಗಿ ಮೆತ್ತಿತ್ತು. ಅವನ ಹೆಂಡತಿ ಅಂಗಳದಲ್ಲಿ ಬಿದ್ದು ಹೊರಳುತ್ತಿದ್ದಳು. ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ನೆಲದಲ್ಲಿ ಚೆಲ್ಲಿದ್ದ ರಾಗಿಯನ್ನು ಒಂದೊಂದೇ ಆರಿಸಿ ಲಂಗಕ್ಕೆ ಹಾಕಿಕೊಳ್ಳುತ್ತಿದ್ದಳು.

ದೀಪ ಬಿಟ್ಟಿರಲಿಲ್ಲವಾ ಎಂದು ಯಾರೋ ಕೇಳಿದರು. ಬಿಟ್ಟಿದ್ದೆವು, ತಳದ ತನಕ ಉರಿಯಿತು, ನಮ್ಮ ಸೊಸೆಯೇ ಬಿಟ್ಟಳು ಎಂದು ಅತ್ತೆ ಹೇಳಿದರು. ಮದುವೆಯಾದ ಮೇಲೆ ಮೊದಲ ಸಲ ಅವರು ನನ್ನ ಪರ ಮಾತಾಡಿದ್ದು. ಹಾಗಾದರೆ ಹೇಗೆ ಸತ್ತ ಎಂದು ಜನ ಮುಖ ಮುಖ ನೋಡಿಕೊಂಡರು. ಬೆಳಿಗ್ಗೆಯೇ ಹಾಕ್ಕೊಂಡು ಬಂದಿದ್ದ ಅಂತ ಕಾಣ್ತದೆ ಎಂದು ಮಾವ ಅಂದರು. ಹಣೆಯಲ್ಲಿ ನಾಮ ಇದ್ದ ಹೆಣದ ಮುಂದೆಯೇ ಆ ಮಾತು ಹುಟ್ಟಿತು, ಎಲ್ಲರೂ ನಂಬಿದರು. ಆಗೀಗ ಕುಡಿಯುತ್ತಿದ್ದವನೇ, ನಂಬಲು ಕಷ್ಟವಾಗಲಿಲ್ಲ. ಆ ಮಾತು ಮನೆಗೆ ಬೇಕಾಗಿತ್ತು. ಮನೆಗಿಂತ ಹೆಚ್ಚು ನನಗೆ ಬೇಕಾಗಿತ್ತು. ನಾನು ಕಂಬ ಹಿಡಿದು ನಿಂತುಕೊಂಡೆ.

ಅದಾದ ಮೇಲೆ ಹಗೇವಿಗೆ ರಾಗಿ ತುಂಬಲಿಲ್ಲ. ಚಪ್ಪಡಿ ಮುಚ್ಚಿ ಮಣ್ಣು ಬಳಿದರು. ನಾನು ಅದರ ಮೇಲೆ ವರ್ಷಗಟ್ಟಲೆ ರಂಗೋಲಿ ಹಾಕಿದೆ. ಅತ್ತೆ ಸತ್ತರು, ಮಾವ ಸತ್ತರು, ಗಂಡನಿಗೂ ಹೇಳದೆ ಉಳಿದೆ. ಮನೆ ಕಂಪನಿಗೆ ಹೋಗದಿದ್ದರೆ ಹಾಗೆಯೇ ಸಾಯುತ್ತಿದ್ದೆನೋ ಏನೋ. ಮುಚ್ಚಿದ ಚಪ್ಪಡಿಯನ್ನು ಎಬ್ಬಿಸಿ, ಗಾಜು ಹಾಕಿ, ದೀಪ ಹಚ್ಚಿ, ನನ್ನನ್ನೇ ಅದರ ಪಕ್ಕ ನಿಲ್ಲಿಸಿದರು.

ಕಳೆದ ವರ್ಷ ಮಳೆಗಾಲದಲ್ಲಿ ಗಾಜಿನ ಒಳಬದಿಗೆ ಹಬೆ ಕಟ್ಟಿಕೊಂಡಿತು. ಫೋಟೋ ಸರಿಯಾಗಿ ಬರುತ್ತಿಲ್ಲ ಎಂದು ಮ್ಯಾನೇಜರ್ ಹುಡುಗಿಗೆ ಚಿಂತೆ. ಸೋಮವಾರ ರಜೆ, ಜನ ಬರುವುದಿಲ್ಲ. ಅವತ್ತು ಬೆಳಿಗ್ಗೆ ಗಾಜಿನವನನ್ನು ಕರೆಸಿ ಗಾಜು ತೆಗೆಸಿದಳು. ಒಳಗೆ ಗೋಡೆಗೆ ಬೂಸಲು ಹಿಡಿದಿದೆ, ಯಾರಾದರೂ ಇಳಿದು ಒರೆಸಿಬಿಟ್ಟರೆ ಚೆನ್ನಾಗಿತ್ತು ಎಂದು ಹೇಳಿ, ಹೊಸಕೋಟೆಗೆ ತರಕಾರಿ ತರಲು ಹೋದಳು. ನಾನು ರೂಮಿನಿಂದ ಬಂದು ನೋಡುತ್ತೇನೆ, ಅಡಿಗೆಯವಳು ಸೀರೆ ಎತ್ತಿ ಸಿಕ್ಕಿಸಿ, ಕೈಯಲ್ಲಿ ಬಕೆಟ್ಟು ಬಟ್ಟೆ ಹಿಡಿದು, ಹಗೇವಿಗೆ ಏಣಿ ಇಳಿಬಿಟ್ಟಿದ್ದಾಳೆ.

ಅವಳು ತಿರುಗಿ ನನ್ನನ್ನು ನೋಡಿ, "ಇಳೀಬೋದಾ ಅಮ್ಮ?" ಎಂದಳು.

ಬೇಡ ಎಂದೆ. ಅವಳಿಗೆ ಕೇಳಿಸಲಿಲ್ಲವೇನೋ, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಒರೆಸ್ಕೊಂಡ್ ಬಂದ್ಬಿಡ್ತೀನಿ. ನಮ್ಮಪ್ಪ ಇಳ್ದಿದ್ ಜಾಗ ಒಂದ್ಸಲ ನೋಡ್ಬೇಕು ಅಂತ ನಂಗೂ ಇತ್ತು."

ಓಡಿಹೋಗಿ ರಟ್ಟೆ ಹಿಡಿದು ಎಳೆದೆ. ಈ ಮಂಡಿಗಳಲ್ಲಿ ಅಷ್ಟು ಓಟ ಎಲ್ಲಿತ್ತೋ. ಇಬ್ಬರೂ ಅಂಗಳದಲ್ಲಿ ಬಿದ್ದೆವು, ಬಕೆಟ್ಟು ಉರುಳಿಹೋಯಿತು. ಅವಳು ಗಾಬರಿಯಾಗಿ, ಏನಾಯಿತಮ್ಮ, ತಲೆ ಸುತ್ತಿತಾ ಎಂದು ನನ್ನನ್ನೇ ಎತ್ತಿ ಕೂರಿಸಿದಳು. ಅವಳ ರಟ್ಟೆ ಬಿಡದೆ ಹೇಳಿದೆ. ದೀಪ ಆರಿದ್ದು, ಮತ್ತೆ ಹಚ್ಚಿದ್ದು, ಕುತ್ತಿಗೆಯ ತನಕ ಬಿಟ್ಟದ್ದು, ಅವನು ಕೇಳಿದ್ದು, ನಾನು ಹೇಳಿದ್ದು, ಎಲ್ಲ ಹೇಳಿದೆ. ಎಷ್ಟೋ ವರ್ಷ ಕಟ್ಟಿಟ್ಟ ಮಾತು, ಹೇಳಿ ಮುಗಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಬೈಯುತ್ತಾಳೆ, ಹೊಡೆಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ದೀಪದ ಮಾತೇ ಎತ್ತಲಿಲ್ಲ.

"ಅಪ್ಪ ಕುಡಿದಿರ್ಲಿಲ್ವಾ?" ಎಂದು ಕೇಳಿದಳು.

"ಇಲ್ಲ. ಶ್ರಾವಣ ಶನಿವಾರ ಅವತ್ತು. ನಾಮ ಹಾಕಿದ್ದ."

ಅವಳು ಹಗೇವಿನ ಬಾಯಿಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ, ನನಗಲ್ಲ, ತನಗೇ ಹೇಳಿಕೊಳ್ಳುವ ಹಾಗೆ ಮಾತಾಡಿದಳು. ಅವಳ ಅವ್ವ ಸಾಯುವ ತನಕ ಅವನನ್ನು ಬೈದುಕೊಂಡೇ ಬದುಕಿದಳಂತೆ, ಕುಡುಕ ನನ್ಮಗ ನಮ್ಮನ್ನು ಬೀದಿಗೆ ಹಾಕಿ ಹೋದ ಎಂದು. ಇವಳನ್ನು ಹೆಣ್ಣು ನೋಡಲು ಬಂದವರೂ ಕುಡಿದು ಸತ್ತವನ ಮಗಳಲ್ಲವಾ ಎಂದು ಕೇಳಿದ್ದರಂತೆ. "ಪಿತೃಪಕ್ಷಕ್ಕೆ ಎಡೆ ಇಡ್ತೀವಲ್ಲಮ್ಮ. ಅವ್ವನ ಎಡೆಗೆ ಎಲೆ ಅಡಿಕೆ. ಅಪ್ಪನ ಎಡೆಗೆ ಪ್ರತಿ ವರ್ಷ ಒಂದು ಕ್ವಾರ್ಟರ್ ಇಡ್ತೀನಿ. ಅವ್ನಿಗೆ ಅದೇ ಇಷ್ಟ ಅಂತ" ಎಂದಳು.

ಆಗ ನಾನು ಅತ್ತುಬಿಟ್ಟೆ. ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ ಎಂದು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ. ಕಾಲು ಹಿಡ್ಕೊಂಡ್ರೆ ಮುಗೀತು ಅಂದ್ಕೊಂಡ್ಬಿಡ್ತೀರಾ."

ನಿನ್ನ ಎದುರು ಇನ್ನು ನಾನು ಓಡಾಡಲಾರೆ, ನಾಳೆಯೇ ಮಗಳ ಮನೆಗೆ ಹೊರಟುಹೋಗುತ್ತೇನೆ, ಕರಾರು ಏನಾದರೂ ಆಗಲಿ ಎಂದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಎದೆ ಹಗುರಾಗಿತ್ತು. ಹೇಳಿಯಾಯಿತು, ಹೊರಡಬಹುದು ಎನ್ನಿಸಿತ್ತು. ಅವಳು ಅದನ್ನು ನನ್ನ ಮುಖದಲ್ಲಿ ಓದಿಕೊಂಡಳು ಎಂದು ಕಾಣುತ್ತದೆ.

"ನಂಗೊಬ್ಳಿಗೇ ಹೇಳ್ಬುಟ್ಟು ಹೋಗೋದಾ? ನಾನೊಬ್ಳೇ ತಿಳ್ಕೊಂಡು ಏನ್ ಮಾಡ್ಲಿ? ಭಾನ್ವಾರ ಆ ಜನದ್ ಮುಂದೆ ಹೇಳಿ. ಕುದುರೆ ಕಥೆ ಹೇಳ್ತಿದ್ರಲ್ಲ, ಅಲ್ಲೇ ನಿಂತ್ಕೊಂಡು ಹೇಳಿ. ಕುಡಿದಿರ್ಲಿಲ್ಲ ಅಂತ ಹೇಳಿ. ನಾನು ಅಡಿಗೆಮನೇಲಿರ್ತೀನಿ, ನಂಗೆ ಕೇಳಿಸ್ಬೇಕು."

ಇಷ್ಟು ಹೇಳಿ ಏಣಿ ಮೇಲಕ್ಕೆ ಎಳೆದಳು. ಉದ್ದ ಗಳುವಿಗೆ ಬಟ್ಟೆ ಸುತ್ತಿ ಮೇಲಿನಿಂದಲೇ ಗೋಡೆ ಒರೆಸಿದಳು. ಸಂಜೆ ಗಾಜು ಮತ್ತೆ ಕೂತಿತು.

ಆ ವಾರ ಹೇಗೆ ಕಳೆಯಿತೋ ನನಗೇ ಗೊತ್ತಿಲ್ಲ. ದಿನವೂ ಅವಳು ನನಗೆ ಕಾಫಿ ತಂದಿಟ್ಟು ಹೋದಳು. ಹೇಳಿದರೆ ಕಂಪನಿಯವರು ನನ್ನನ್ನು ಕಳಿಸಿಬಿಡುತ್ತಾರೆ, ಭಾವನವರು ಮನೆ ಮಾನ ಹರಾಜು ಹಾಕಿದಳು ಎನ್ನುತ್ತಾರೆ, ಊರವರು ಉಗಿಯುತ್ತಾರೆ ಎಂದು ಲೆಕ್ಕ ಹಾಕಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದರಲ್ಲಿ ನನಗೆ ಒಂದು ಆಸೆಯೂ ಇತ್ತು. ಎಲ್ಲರೂ ಸೇರಿ ಓಡಿಸಿದರೆ ಇಲ್ಲಿಂದ ಬಿಡುಗಡೆಯಾಗುತ್ತದೆ ಎಂದುಕೊಂಡಿದ್ದೆ. ಸೀರೆ ನಾಲ್ಕು ಮಡಿಸಿ ಚೀಲಕ್ಕೆ ಹಾಕಿಟ್ಟೆ.

ಭಾನುವಾರ ನಲವತ್ತು ಜನ. ಪಡಸಾಲೆಯಲ್ಲಿ ಕೊಳಲಿನ ಕಚೇರಿ ಮುಗಿದು, ಎಲ್ಲರೂ ಹಗೇವಿನ ಸುತ್ತ ಬಂದು ನಿಂತರು. ಬಾಯಿ ತೆರೆದರೆ ರೂಢಿಯಂತೆ ಕುದುರೆ ಸವಾರರೇ ಬಂದರು. ಅರ್ಧ ವಾಕ್ಯ ಆಡಿ ನಿಲ್ಲಿಸಿದೆ. ಜನ ಕಾಯುತ್ತಿದ್ದರು. ಅಡಿಗೆಮನೆಯ ಕಿಟಕಿಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಕುದುರೆ ಸವಾರರು ಯಾರೂ ಬರಲಿಲ್ಲ, ಅದು ನಾನು ಕಟ್ಟಿದ ಸುಳ್ಳು, ಇಲ್ಲಿ ಒಬ್ಬ ಮನುಷ್ಯ ಸತ್ತ ಎಂದು ಶುರು ಮಾಡಿದೆ. ಒಂದನ್ನೂ ಬಿಡದೆ ಹೇಳಿದೆ. ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದ ಹುಡುಗ ನಡುವೆ ಎರಡು ಸಲ ನಿಂತು ನನ್ನ ಮುಖ ನೋಡಿದ, ಮತ್ತೆ ಮುಂದುವರಿಸಿದ. ದೀಪ ನಿಂತಿದೆ ಎಂದವಳು ನಾನೇ, ಅವನು ಕುಡಿದಿರಲಿಲ್ಲ, ಹಣೆಯಲ್ಲಿ ನಾಮ ಇತ್ತು ಎಂದು ಮುಗಿಸುತ್ತಿದ್ದ ಹಾಗೆಯೇ ಜನ ಚಪ್ಪಾಳೆ ಹೊಡೆದರು.

ಜೋರು ಚಪ್ಪಾಳೆ. ಕುದುರೆ ಸವಾರರಿಗೆ ಎಂದೂ ಅಷ್ಟು ಬಿದ್ದಿರಲಿಲ್ಲ. ಒಬ್ಬ ಹೆಂಗಸು ಕಣ್ಣೊರೆಸಿಕೊಂಡು ಬಂದು ನನ್ನನ್ನು ಅಪ್ಪಿಕೊಂಡಳು. ನೀವು ನಾಟಕದಲ್ಲಿ ಮಾಡುತ್ತಿದ್ದಿರಾ ಎಂದು ಒಬ್ಬರು ಕೇಳಿದರು. ನಿಜ, ಇದು ನಡೆದದ್ದು, ಮಾಡಿದವಳು ನಾನು ಎಂದೆ. ಅದಕ್ಕೂ ಅವರು ಮೆಚ್ಚುಗೆಯಿಂದ ತಲೆಯಾಡಿಸಿದರು. ಹಿಂದಿನಿಂದ ಯಾರೋ ಊಟ ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು.

ಮ್ಯಾನೇಜರ್ ಹುಡುಗಿ ನನ್ನನ್ನು ಕೊಟ್ಟಿಗೆಯ ಪಕ್ಕಕ್ಕೆ ಕರೆದುಕೊಂಡು ಹೋದಳು. ನಿಜವೇ ಆಂಟಿ ಎಂದು ಕೇಳಿದಳು. ನಿಜ ಎಂದೆ. ಅವಳ ಕಣ್ಣು ತುಂಬಿತು, ನನ್ನ ಕೈ ಹಿಡಿದುಕೊಂಡಳು. ಈಗ ಕಳಿಸುತ್ತಾಳೆ ಎಂದು ಕಾದೆ. "ಆಂಟಿ, ಇನ್ಮೇಲೆ ಇದನ್ನೇ ಹೇಳಿ. ಆದ್ರೆ ಊಟಕ್ಕೆ ಮುಂಚೆ ಬೇಡ, ಊಟ ಆದ್ಮೇಲೆ ಇಟ್ಕೊಳ್ಳೋಣ" ಎಂದಳು. ಪಟ್ಟಿಯ ಹಿಂದಿನ ಕುದುರೆಯ ಚಿತ್ರ ತೆಗೆಸುವುದಾಗಿಯೂ ಹೇಳಿದಳು. ಭಾವನವರಿಗೆ ಸುದ್ದಿ ಮುಟ್ಟಿತು, ಫೋನಿನಲ್ಲಿ ಒಂದು ಸಲ ಕೂಗಾಡಿದರು. ಕಂಪನಿಯವರೇ ಒಪ್ಪಿದ್ದಾರೆ ಎಂದ ಮೇಲೆ ತಣ್ಣಗಾದರು.

ಅಡಿಗೆಮನೆಗೆ ಹೋದೆ. ಅವಳು ಬೆವರಿಳಿಸಿಕೊಂಡು ಮುದ್ದೆ ತಿರುವುತ್ತಿದ್ದಳು. ಬಾಗಿಲಲ್ಲಿ ನಿಂತೆ, ಒಳಗೆ ಹೋಗಲು ಧೈರ್ಯವಾಗಲಿಲ್ಲ. ಕೇಳಿಸಿತಾ ಎಂದು ಕೇಳಿದೆ.

"ಕುಡಿದಿರ್ಲಿಲ್ಲ ಅಂದಿದ್ದು ಕೇಳಿಸ್ತು" ಎಂದಳು, ಕೋಲು ನಿಲ್ಲಿಸದೆ. "ನಾಮ ಇತ್ತು ಅಂದ್ರಲ್ಲ, ಅದು ಕೇಳಿಸ್ಲಿಲ್ಲ. ಚಪ್ಪಾಳೆ ಹೊಡೆದ್ಬುಟ್ರು. ಮುಂದಿನ್ ವಾರ ಜೋರಾಗ್ ಹೇಳಿ."

ಮುಂದಿನ ವಾರ ಜೋರಾಗಿ ಹೇಳಿದೆ. ಅದರ ಮುಂದಿನ ವಾರವೂ ಹೇಳಿದೆ. ಈಗ ಅವಳು ಕಿಟಕಿಯ ಹಿಂದೆ ನಿಲ್ಲುವುದಿಲ್ಲ. ಊಟ ಮುಗಿದು ಜನ ಹಗೇವಿನ ಸುತ್ತ ಸೇರುವ ಹೊತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಡಿಗೆಮನೆಯ ಬಾಗಿಲಿಗೆ ಬರುತ್ತಾಳೆ. ನಾಮದ ಮಾತು ಆಗುವ ತನಕ ನಿಂತಿದ್ದು ಒಳಗೆ ಹೋಗುತ್ತಾಳೆ. ಮಗಳು ಫೋನು ಮಾಡಿ, ಯಾವಾಗ ಬರುತ್ತೀ ಎಂದು ಇನ್ನೂ ಕೇಳುತ್ತಾಳೆ. ಹನ್ನೊಂದು ತಿಂಗಳಾಯಿತು. ಸಾಕು ಎಂದು ಅಡಿಗೆಯವಳು ಇನ್ನೂ ಹೇಳಿಲ್ಲ.